ಡಿವೈಸ್ ಟ್ರೀಯಲ್ಲಿ 5 ಇದೆ, ಡ್ರೈವರ್‌ಗೆ 0 ಸಿಗುತ್ತಿದೆ. ಯಾಕೆ?

ಬೋರ್ಡ್‌ನಲ್ಲಿ ಯಾವ ಹಾರ್ಡ್‌ವೇರ್ ಹೇಗಿದೆ ಅಂತ ಕರ್ನಲ್‌ಗೆ ಹೇಳುವ ವಿವರಣೆಯೇ ಡಿವೈಸ್ ಟ್ರೀ. ಅದರಲ್ಲಿ ಗೇನ್ (ಸಿಗ್ನಲ್ ಎಷ್ಟು ಹಿಗ್ಗಿಸಬೇಕು ಅನ್ನುವ ಸಂಖ್ಯೆ) 5 ಅಂತ ಬರೆದಿದ್ದೀರಿ. ಲಿನಕ್ಸ್ ಡ್ರೈವರ್‌ನಲ್ಲಿ ಯು8 (8 ಬಿಟ್, ಅಂದರೆ ಒಂದು ಬೈಟಿನ ಸಂಖ್ಯೆ) ಓದುವ ಫಂಕ್ಷನ್ ಕರೆದರೆ ಎರರ್ ಬರುವುದಿಲ್ಲ, ಆದರೆ ಸಿಗುವುದು 0. ರಿವ್ಯೂ ಮಾಡಿದವರು 'ಯು32 ಆಗಿ ಓದಿ' (32 ಬಿಟ್, ಅಂದರೆ ನಾಲ್ಕು ಬೈಟಿನ ಸಂಖ್ಯೆಯಾಗಿ) ಅಂತಷ್ಟೇ ಬರೆದು ಸುಮ್ಮನಾಗಿದ್ದಾರೆ. ಇದೇ ಅಲ್ವಾ ಪ್ರಶ್ನೆ?

ಅವರು ಹೇಳಿದ್ದು ಸರಿ. ಕಾರಣವನ್ನೂ ಹೇಳಬಹುದಿತ್ತು.

ಕೋನ ಬ್ರಾಕೆಟ್ಟಿನೊಳಗೆ ಬರೆದ ಸಂಖ್ಯೆ ಎಷ್ಟೇ ಚಿಕ್ಕದಿರಲಿ, ಬೇರೆ ಅಳತೆ ಹೇಳದಿದ್ದರೆ ಅದು 32 ಬಿಟ್‌ನ ಒಂದು ಸೆಲ್. ಅದೂ ಬಿಗ್ ಎಂಡಿಯನ್, ಅಂದರೆ ದೊಡ್ಡ ಸ್ಥಾನದ ಬೈಟ್ ಮೊದಲು. ಹಾಗಾಗಿ ನಿಮ್ಮ 5 ಅಲ್ಲಿ 00 00 00 05 ಆಗಿ ಕೂತಿದೆ. ಯು8 ಫಂಕ್ಷನ್ ಮೊದಲ ಬೈಟನ್ನು ಎತ್ತಿಕೊಂಡು ಬರುತ್ತದೆ. 5ರ ಬದಲು 200 ಬರೆದಿದ್ದರೂ ಸಿಗುವುದು 0ಯೇ. ಕನಿಷ್ಠ ಒಂದು ಬೈಟ್ ಇದೆಯಾ ಅಂತ ಮಾತ್ರ ಅದು ನೋಡುತ್ತದೆ, ಜಾಸ್ತಿ ಇದ್ದರೆ ತಕರಾರಿಲ್ಲ. ಅದಕ್ಕೇ ಎರರ್ ಬರಲಿಲ್ಲ. ಯು16 ಕಥೆಯೂ ಇದೇ. ನಂಬಿಕೆ ಬರದಿದ್ದರೆ ಬೋರ್ಡ್‌ನಲ್ಲಿ /ಪ್ರಾಕ್/ಡಿವೈಸ್-ಟ್ರೀ ಕೆಳಗೆ ಆ ಪ್ರಾಪರ್ಟಿಯನ್ನು (ಇಲ್ಲಿ ಗೇನ್) ಹೆಕ್ಸ್‌ಡಂಪ್ ಮಾಡಿ ಒಂದೊಂದು ಬೈಟನ್ನೂ ನೋಡಿ.

ಕೋನ ಬ್ರಾಕೆಟ್ಟಿಗೆ ಮೊದಲು /ಬಿಟ್ಸ್/ 8 ಅಂತ ಹಾಕಿದರೆ ಈಗಿನ ಕೋಡೇ ನಡೆಯುತ್ತದೆ. ನನಗೆ ಅದು ಇಷ್ಟವಿಲ್ಲ. ಮುಂದೆ ಬೋರ್ಡ್ ಫೈಲ್ ಬರೆಯುವವರು ಅದನ್ನು ಮರೆತೇ ಮರೆಯುತ್ತಾರೆ. ಆದರೆ ಬೈಂಡಿಂಗ್‌ನಲ್ಲಿ (ಯಾವ ಪ್ರಾಪರ್ಟಿ ಹೇಗೆ ಬರೆಯಬೇಕು ಅನ್ನುವ ದಾಖಲೆಯಲ್ಲಿ) ಆಗಲೇ 8 ಬಿಟ್ ಅಂತ ಇದ್ದು ಬೋರ್ಡ್‌ಗಳು ಹೊರಗೆ ಹೋಗಿದ್ದರೆ ಬದಲಿಸಬೇಡಿ, ಹಳೆಯ ಬೋರ್ಡ್‌ಗಳು ಕೆಡುತ್ತವೆ.

ಯು32ಗೆ ಹೋಗುವಾಗ ಒಂದು ಕಡೆ ಹುಷಾರು. ಸ್ಟ್ರಕ್ಟ್‌ನಲ್ಲಿರುವ ಯು8 ಫೀಲ್ಡಿನ ವಿಳಾಸವನ್ನೇ ಯು32 ಪಾಯಿಂಟರ್‌ಗೆ ಕ್ಯಾಸ್ಟ್ ಮಾಡಿ ಕೊಟ್ಟುಬಿಡಬೇಡಿ. ಫಂಕ್ಷನ್ ಅಲ್ಲಿ ನಾಲ್ಕು ಬೈಟ್ ಬರೆದುಬಿಡುತ್ತದೆ. ಒಮ್ಮೆ ರಿವ್ಯೂನಲ್ಲಿ ನಾನೇ ಅದನ್ನು ಬಿಟ್ಟುಬಿಟ್ಟಿದ್ದೆ. ಲಿಟಲ್ ಎಂಡಿಯನ್ (ಚಿಕ್ಕ ಸ್ಥಾನದ ಬೈಟ್ ಮೊದಲು ಇಡುವ) ಚಿಪ್ ಆದ್ದರಿಂದ ಗೇನ್ ಸರಿಯಾಗೇ ಕಾಣುತ್ತಿತ್ತು. ಪಕ್ಕದ ಮೂರು ಬೈಟ್ ಮಾತ್ರ ಸೊನ್ನೆಯಾಗಿದ್ದವು. ಅದರಲ್ಲೊಂದು 'ಇಂಟರಪ್ಟ್ ಇದೆ' ಅನ್ನುವ ಫ್ಲ್ಯಾಗ್! ಎರಡು ದಿನ ಇಂಟರಪ್ಟ್ ಕೋಡ್ ಕೆದಕಿದೆವು.

ಲೋಕಲ್ ಯು32 ವೇರಿಯಬಲ್‌ಗೆ ಓದಿ, ಚಿಪ್ ಒಪ್ಪುವ ಮಿತಿಯಲ್ಲಿದೆಯಾ ನೋಡಿ, ಆಮೇಲೆ ಯು8ಗೆ ಹಾಕಿ. ಮಿತಿ ನೋಡದಿದ್ದರೆ ಯಾರೋ 261 ಬರೆದಾಗ ಅದು ಸದ್ದಿಲ್ಲದೆ 5 ಆಗುತ್ತದೆ.

ಇನ್ನು, ಪ್ರಾಪರ್ಟಿ ಕಡ್ಡಾಯವಲ್ಲದಿದ್ದರೆ ಡೀಫಾಲ್ಟ್ ಬೆಲೆಯನ್ನು ಓದುವ ಮೊದಲೇ ಇಡಿ. ಓದುವುದು ಫೇಲ್ ಆದರೆ ಫಂಕ್ಷನ್ ವೇರಿಯಬಲ್ ಮುಟ್ಟುವುದಿಲ್ಲ. ಪ್ರಾಪರ್ಟಿಯೇ ಇಲ್ಲದಿದ್ದರೆ ಇಇನ್ವಾಲ್ ಅನ್ನುವ ಎರರ್ ಬರುತ್ತದೆ, ಅದನ್ನು ಬಿಟ್ಟುಬಿಡಿ. ಇಓವರ್‌ಫ್ಲೋ ಬಂದರೆ ಡೇಟಾ ನಾಲ್ಕು ಬೈಟ್‌ಗಿಂತ ಕಡಿಮೆ ಇದೆ ಅಂತ ಅರ್ಥ. ಅದನ್ನು ಮುಚ್ಚಿಡದೆ ಪ್ರೋಬ್‌ನಿಂದ (ಡ್ರೈವರ್ ಡಿವೈಸನ್ನು ಶುರು ಮಾಡುವ ಫಂಕ್ಷನ್‌ನಿಂದ) ವಾಪಸ್ ಕಳಿಸಿ.