ರಿಪೋರ್ಟ್ ನಾರ್ಮಲ್, ನೋವು ಮಾತ್ರ ಹೋಗಿಲ್ಲ

ಪ್ರಶ್ನೆ: ಅಕ್ಕಾ, ನನಗೆ 49 ವರ್ಷ. ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ಮನೆ. ಎಡ ಸ್ತನದ ಕ್ಯಾನ್ಸರ್‌ಗೆ ಆಪರೇಷನ್ ಆಗಿ, ಈಗ 21 ದಿನಕ್ಕೊಮ್ಮೆ ಬೆಂಗಳೂರಿಗೆ ಹೋಗಿ ಕೀಮೋ ತೆಗೆದುಕೊಳ್ಳುತ್ತಿದ್ದೇನೆ. ಐದು ಆಗಿವೆ, ಇನ್ನು ಮೂರಿವೆ. ಪ್ರತಿ ಸಲ ಊರಿಗೆ ಬಂದ ಮೇಲೆ ಬಿಳಿ ರಕ್ತಕಣ ಹೆಚ್ಚಲಿ ಅಂತ ಒಂದು ಇಂಜೆಕ್ಷನ್ ಇಲ್ಲೇ ಹಾಕಿಸುತ್ತೇವೆ. ಆಮೇಲೆ ಮೂರ್ನಾಲ್ಕು ದಿನ ಸೊಂಟ, ತೊಡೆ, ಎದೆಮೂಳೆ ಒಳಗಿನಿಂದ ಕುಟ್ಟಿದ ಹಾಗೆ ನೋವು. ಅದು ಹೋಗುತ್ತದೆ. ಈ ಸಲ ಬಲ ಪಕ್ಕೆಯಲ್ಲಿ ಬೇರೆಯದೇ ಒಂದು ನೋವು ಉಳಿದುಬಿಟ್ಟಿದೆ. ಎರಡು ವಾರವಾಯಿತು, ಬರುತ್ತದೆ, ಹೋಗುತ್ತದೆ. ಇಲ್ಲಿನ ಡಾಕ್ಟರು ಎಕ್ಸ್‌ರೇ, ಸ್ಕ್ಯಾನ್ ಮಾಡಿಸಿ ಏನೂ ಇಲ್ಲ ಅಂದರು. ಏನೂ ಇಲ್ಲದಿದ್ದರೆ ನೋವು ಯಾಕೆ? ರಾತ್ರಿ ನಿದ್ದೆ ಇಲ್ಲ. ಬೆಂಗಳೂರಿನಲ್ಲಿ ಹೇಳಿದರೆ ಕೀಮೋ ನಿಲ್ಲಿಸಿಬಿಡುತ್ತಾರೇನೋ ಅಂತ ಇನ್ನೂ ಹೇಳಿಲ್ಲ. ಮನೆಯವರಿಗೂ ಪೂರ್ತಿ ಹೇಳಿಲ್ಲ.

ಉತ್ತರ: ತಂಗೀ, ನಾಳೆ ಬೆಳಿಗ್ಗೆಯೇ ಬೆಂಗಳೂರಿಗೆ ಫೋನ್ ಮಾಡಿ. ಆರನೇ ಕೀಮೋ ದಿನ ಹೇಳಿದರಾಯಿತು ಅಂತ ಇಟ್ಟುಕೊಳ್ಳಬೇಡಿ. ನೋವಿದೆ ಅಂದ ಮಾತ್ರಕ್ಕೆ ಸುಮ್ನೆ ಕೀಮೋ ನಿಲ್ಲಿಸುವುದಿಲ್ಲ. ಬೇಕೆನಿಸಿದರೆ ಡೋಸ್ ಇಳಿಸುತ್ತಾರೆ, ನಾಲ್ಕು ದಿನ ಮುಂದೆ ಹಾಕುತ್ತಾರೆ, ಇಲ್ಲಾ ಔಷಧಿ ಬದಲಿಸುತ್ತಾರೆ. ನೀವು ಹೇಳದೆ ಅವರಿಗೆ ಇದು ಗೊತ್ತಾಗುವುದು ಹೇಗೆ?

ನಿಮಗಿರುವುದು ಎರಡು ನೋವು. ಎರಡನ್ನೂ ಒಂದೇ ಅಂದುಕೊಂಡು ಹೆದರಬೇಡಿ. ಆ ಇಂಜೆಕ್ಷನ್ ಮೂಳೆಯೊಳಗಿನ ಮಜ್ಜೆಗೆ ಬೇಗ ಬೇಗ ಕಣ ತಯಾರಿಸು ಅಂತ ಒತ್ತಾಯ ಮಾಡುತ್ತದೆ. ಸೊಂಟದ ಮೂಳೆ, ಎದೆಮೂಳೆ, ತೊಡೆಮೂಳೆಯ ಮೇಲ್ಭಾಗದಲ್ಲಿ ಆ ಮಜ್ಜೆ ಜಾಸ್ತಿ, ಅದಕ್ಕೇ ಅಲ್ಲಿ ಕುಟ್ಟಿದ ಹಾಗಾಗುವುದು. ಇದು ಬಹಳ ಜನರಿಗೆ ಆಗುತ್ತದೆ. ನಿಮ್ಮ ಫೈಲಿನಲ್ಲಿ ಪ್ಯಾಕ್ಲಿಟ್ಯಾಕ್ಸೆಲ್ ಅಥವಾ ಡೋಸಿಟ್ಯಾಕ್ಸೆಲ್ ಅನ್ನುವ ಹೆಸರಿದೆಯಾ ನೋಡಿ. ಇದ್ದರೆ ಆ ಔಷಧಿಯಿಂದಲೂ ಎರಡು ಮೂರು ದಿನದ ಮೇಲೆ ಮೈಕೈ ನೋವು ಬರಬಹುದು.

ಪಕ್ಕೆ ನೋವಿನ ಮಾತೇ ಬೇರೆ. "ಏನೂ ಇಲ್ಲ" ಅಂದರೆ ನೋವು ಸುಳ್ಳು ಅಂತ ಅಲ್ಲ. ಅವರು ಹುಡುಕಿದ್ದು ಹುಡುಕಿದ ಜಾಗದಲ್ಲಿ ಸಿಗಲಿಲ್ಲ, ಅಷ್ಟೇ. ಗಡ್ಡೆ, ಬಿರುಕು, ನೀರು ತುಂಬಿದ್ದು ಸಾಮಾನ್ಯವಾಗಿ ಸ್ಕ್ಯಾನಿನಲ್ಲಿ ಕಾಣುತ್ತದೆ. ಪಕ್ಕೆಲುಬಿನ ನಡುವಿನ ಸ್ನಾಯು ಹಿಡಿದುಕೊಂಡಿದ್ದು, ಒಂದು ನರ ಕೆರಳಿದ್ದು ಎಷ್ಟೋ ಸಲ ಕಾಣುವುದಿಲ್ಲ. ಎಡಗಡೆ ಆಪರೇಷನ್ ಆದಾಗಿನಿಂದ ನೀವು ಬಲ ಮಗ್ಗುಲಲ್ಲೇ ಮಲಗುತ್ತಿದ್ದೀರಾ? ಕೊಡ, ಕುಕ್ಕರ್, ಚೀಲ ಎಲ್ಲ ಬಲಗೈಯಲ್ಲೇ ಎತ್ತುತ್ತಿದ್ದೀರಾ? ಇದೇ ಕಾರಣ ಅಂತ ನಾನು ಹೇಳುತ್ತಿಲ್ಲ. ಬಲ ಪಕ್ಕೆಯ ಕೆಳಗೆ ಲಿವರ್ ಕೂಡ ಇದೆ, ಅದರ ರಕ್ತಪರೀಕ್ಷೆ ಹೇಗಿದೆ ಅಂತ ನೋಡುವವರು ಕೀಮೋ ಕೊಡುವ ಡಾಕ್ಟರು. ಅವರ ಹತ್ತಿರ ಇಲ್ಲಿನ ಎಕ್ಸ್‌ರೇ ಇಲ್ಲ, ಇಲ್ಲಿನವರ ಹತ್ತಿರ ಅಲ್ಲಿನ ಫೈಲಿಲ್ಲ. ನೋವು ಒಬ್ಬರದು, ಕಾಗದ ಎರಡು ಊರಿನಲ್ಲಿ. ನಡುವೆ 260 ಕಿಲೋಮೀಟರ್.

ನಮ್ಮ ಅತ್ತೆಗೆ ಕೀಮೋ ನಡೆಯುವಾಗ ನಾನು ಹಾಲಿನ ಲೆಕ್ಕ ಬರೆಯುವ ಗೋಡೆ ಕ್ಯಾಲೆಂಡರನ್ನೇ ಹಿಡಿದುಕೊಂಡೆ. ಕೀಮೋ ದಿನಕ್ಕೆ ಕೆಂಪು ಸುತ್ತು, ಇಂಜೆಕ್ಷನ್ ದಿನಕ್ಕೆ ನೀಲಿ, ಏನು ತ್ರಾಸಾಯಿತೋ ಆ ದಿನದ ಚೌಕದಲ್ಲಿ ಎರಡೇ ಪದ. ಪ್ರತಿ ಸಲ ಎರಡು ರಾತ್ರಿ ಅವರಿಗೆ ಮುಖ ಕೆಂಪಗಾಗಿ ನಿದ್ದೆಯೇ ಬರುತ್ತಿರಲಿಲ್ಲ, ಯಾಕೆ ಅಂತ ಯಾರಿಗೂ ತಿಳಿಯಲಿಲ್ಲ. ಮೂರನೇ ತಿಂಗಳು ಹಾಳೆ ನೋಡಿದ ನರ್ಸ್ ತಕ್ಷಣ ಹೇಳಿದರು, ವಾಂತಿ ಆಗದಿರಲಿ ಅಂತ ಕೊಡುವ ಡೆಕ್ಸಾಮೆಥಸೋನ್ ಮಾತ್ರೆಯದು ಅಂತ. ಡಾಕ್ಟರನ್ನು ಕೇಳಿ ಮಾತ್ರೆಯ ಹೊತ್ತನ್ನು ಬೆಳಿಗ್ಗೆಗೆ ಬದಲಿಸಿದೆವು, ನಿದ್ದೆ ಬಂತು. ಅದೇ ಅತ್ತೆಗೆ ಬಲಗಣ್ಣು ಅದುರುತ್ತಿತ್ತು. ಹೆಂಗಸರಿಗೆ ಬಲಗಣ್ಣು ಅದುರಬಾರದು ಅಂತ ಅವರು ಒಳಗೊಳಗೇ ಕುಗ್ಗಿಹೋಗಿದ್ದರು. ಅದಕ್ಕೆ ಕೊನೆಯವರೆಗೂ ಕಾರಣ ಸಿಗಲಿಲ್ಲ, ಚಿಕಿತ್ಸೆ ಮುಗಿದ ಮೇಲೆ ತಾನಾಗಿ ಹೋಯಿತು. ನಿಮ್ಮ ಪಕ್ಕೆ ನೋವಿಗೂ ಹೆಸರು ಸಿಗದೇ ಇರಬಹುದು. ಆದರೂ ಬರೆದಿಡಿ. ಯಾವಾಗ ಬಂತು, ಎಷ್ಟು ಹೊತ್ತು ಇತ್ತು, ಕೆಮ್ಮಿದಾಗ ಹೆಚ್ಚಾಯಿತಾ, ಮಗ್ಗುಲು ಬದಲಿಸಿದಾಗ ಕಡಿಮೆಯಾಯಿತಾ. ನೋವು ದಿನದಿಂದ ದಿನಕ್ಕೆ ಏರುತ್ತಿದೆಯಾ ಇಳಿಯುತ್ತಿದೆಯಾ ಅನ್ನುವುದು ಡಾಕ್ಟರಿಗೆ ಬಹಳ ಮುಖ್ಯ, ಮತ್ತು ಅದನ್ನು ರಾತ್ರಿ ಎರಡು ಗಂಟೆಯ ಭಯದಲ್ಲಿ ನೆನಪಿಸಿಕೊಂಡು ಹೇಳಲು ಆಗುವುದಿಲ್ಲ.

ಫೋನಿಗೂ ಕಾಯದೆ ಹೊರಡಬೇಕಾದ ಸಂದರ್ಭಗಳೂ ಇವೆ. ಜ್ವರ 100.4 ಡಿಗ್ರಿ ಮುಟ್ಟಿದರೆ, ಚಳಿ ನಡುಕ ಬಂದರೆ, ಉಸಿರೆಳೆದಾಗ ಪಕ್ಕೆ ಚುಚ್ಚಿ ಏದುಸಿರು ಬಂದರೆ, ಒಂದೇ ಕಾಲು ಊದಿದರೆ, ಬೆನ್ನುನೋವಿನ ಜೊತೆ ಕಾಲು ಸೋತರೆ ಅಥವಾ ಮೂತ್ರದ ಹಿಡಿತ ತಪ್ಪಿದರೆ ಆ ಕ್ಷಣವೇ 108ಕ್ಕೆ ಫೋನ್ ಮಾಡಿ. ಬೆಂಗಳೂರಿಗೇ ಹೋಗೋಣ ಅಂತ ಬೆಳಗಾಗುವವರೆಗೆ ಕೂರಬೇಡಿ. ಚಿಗಟೇರಿ ಆಸ್ಪತ್ರೆಗೋ ಹತ್ತಿರದ ಬೇರೆ ದೊಡ್ಡ ಆಸ್ಪತ್ರೆಗೋ ಹೋಗಿ, ಒಳಗೆ ಕಾಲಿಡುತ್ತಲೇ "ಕೀಮೋ ನಡೀತಿದೆ" ಅನ್ನಿ. ಮನೆಯಲ್ಲಿ ಒಂದು ಥರ್ಮಾಮೀಟರ್ ಇರಲಿ. ನೋವಿಗೆ ಅಂತ ಮೆಡಿಕಲ್ ಶಾಪಿನಿಂದ ಡೈಕ್ಲೋಫೆನಾಕ್ ತಂದು ನುಂಗಬೇಡಿ. ಅದು ಜ್ವರವನ್ನು ಮುಚ್ಚಿಡುತ್ತದೆ, ಪ್ಲೇಟ್‌ಲೆಟ್ ಕಡಿಮೆ ಇದ್ದರೆ ರಕ್ತಸ್ರಾವಕ್ಕೂ ದಾರಿ. ಅಮೃತಬಳ್ಳಿ ಕಷಾಯ ಕೊಡುವವರು ಪ್ರೀತಿಯಿಂದಲೇ ಕೊಡುತ್ತಾರೆ, ಆದರೆ ಅದರಿಂದ ಲಿವರ್‌ಗೆ ಪೆಟ್ಟಾದ ಪ್ರಕರಣಗಳಿವೆ. ಕುಡಿಯುತ್ತಿದ್ದರೆ ನಿಲ್ಲಿಸಿ, ಕುಡಿದಿದ್ದನ್ನು ಡಾಕ್ಟರಿಗೆ ಹೇಳಿ. ಎಣ್ಣೆ ಹಚ್ಚಿ ಪಕ್ಕೆ ತಿಕ್ಕಿಸಿಕೊಳ್ಳುವುದೂ ಈಗ ಬೇಡ.

ಮನೆಯವರಿಗೆ ಇವತ್ತೇ ಹೇಳಿ, ಅಳು ಬಂದರೆ ಅಳಿ. ಜೋಳದ ರೊಟ್ಟಿ ತಟ್ಟುವುದು, ನೀರು ತುಂಬುವುದು ಸ್ವಲ್ಪ ದಿನ ಬೇರೆಯವರ ಕೈಗೆ ಹೋಗಲಿ. ಬೆಂಗಳೂರಿಗೆ ಹೊರಡುವ ದಿನ ಇಲ್ಲಿನ ಎಕ್ಸ್‌ರೇ, ಸ್ಕ್ಯಾನ್ ರಿಪೋರ್ಟ್, ಕ್ಯಾಲೆಂಡರ್ ಹಾಳೆ ಮೂರೂ ಬ್ಯಾಗಿನಲ್ಲಿರಲಿ. ಅವರು ಏನಂದರು ಅಂತ ನನಗೆ ಬರೆಯಿರಿ, ಕಾಯುತ್ತಿರುತ್ತೇನೆ.