ಮೊದಲು ಗೊರಸು, ಆಮೇಲೆ ಭುಜ

ನಿನ್ನೆ ಸಂಜೆ ಚೆನ್ನಾಗಿದ್ದ ಕುದುರೆ ಬೆಳಿಗ್ಗೆ ಬಲ ಮುಂಗಾಲನ್ನು ಊರುತ್ತಲೇ ಇಲ್ಲ, ಗಾಯವೂ ಇಲ್ಲ, ಊತವೂ ಇಲ್ಲ, ಭುಜ ಉಳುಕಿರಬಹುದೇ ಎಂದು ಕೇಳಿದ್ದೀರಿ. ಪಾಪದ ಭುಜವನ್ನು ಎಲ್ಲರೂ ದೂರುತ್ತಾರೆ. ಆದರೆ ಬೆಳಗಾಗುವುದರೊಳಗೆ ಹೀಗೆ ಕುಂಟತೊಡಗಿದರೆ ಬಹಳ ಸಲ ಗೊರಸಿನೊಳಗೆ ಕಟ್ಟಿಕೊಂಡ ಕೀವೇ ಕಾರಣ. ಗಟ್ಟಿ ಗೊರಸು ಊದಿಕೊಳ್ಳಲಾರದು. ಒತ್ತಡವೆಲ್ಲ ಒಳಗೇ ಉಳಿದು ವಿಪರೀತ ನೋಯುತ್ತದೆ.

ಎರಡೂ ಮುಂಗೊರಸುಗಳ ಮೇಲೆ ಅಂಗೈಯಿಟ್ಟು ಬಿಸಿಯನ್ನು ಹೋಲಿಸಿ. ಗೊರಸಿನ ಮೇಲಿನ ಗಿಣ್ಣಿನ ಹಿಂಬದಿಯ ಪಕ್ಕದಲ್ಲಿ ಬೆರಳನ್ನು ಹಗುರವಾಗಿ ಒತ್ತಿ. ಸರಿಯಿರುವ ಕಾಲಿನಲ್ಲಿ ನಾಡಿಯನ್ನು ಹುಡುಕಬೇಕಾಗುತ್ತದೆ, ಕೀವಾದ ಕಾಲಿನಲ್ಲಿ ಅದು ಬೆರಳಿಗೆ ಬಡಿಯುತ್ತದೆ. ಬಳಿಕ ಅಂಗಾಲನ್ನು ಉಜ್ಜಿ ತೊಳೆದು ನೋಡಿ. ಮೊಳೆ ಚುಚ್ಚಿಕೊಂಡಿದ್ದರೆ ಗಾಬರಿಯಿಂದ ಕೀಳಬೇಡಿ, ಅದು ಎಷ್ಟು ಆಳಕ್ಕೆ, ಯಾವ ಕಡೆಗೆ ಹೋಗಿದೆ ಎಂಬುದು ಎಕ್ಸ್‌ರೇಯಲ್ಲಿ ಕಾಣಬೇಕು. ಇತ್ತೀಚೆಗೆ ಲಾಳ ಹೊಡೆಸಿದ್ದರೆ ಅದನ್ನೂ ವೈದ್ಯರಿಗೆ ಹೇಳಿ. ಲಾಳದ ಮೊಳೆ ಜೀವಭಾಗಕ್ಕೆ ತಾಗಿರಬಹುದು.

ಮೂಳೆ ಮುರಿದಿದ್ದರೂ ಕುದುರೆ ಹೀಗೆಯೇ ಕಾಲೆತ್ತಿ ನಿಲ್ಲುತ್ತದೆ. ಆದ್ದರಿಂದ ನಡೆಸಿ ಪರೀಕ್ಷಿಸುವ ಗೊಡವೆ ಬೇಡ. ನೋವಿನ ಮದ್ದನ್ನೂ ನೀವಾಗಿ ಕೊಡಬೇಡಿ, ಇಂದೇ ಪಶುವೈದ್ಯರನ್ನು ಕರೆಸಿ. ಧನುರ್ವಾಯು ಲಸಿಕೆ ಯಾವಾಗ ಆಯಿತೆಂದು ಅವರು ಕೇಳುತ್ತಾರೆ, ಆ ದಾಖಲೆಯನ್ನು ಈಗಲೇ ಹುಡುಕಿಡಿ.