ಇನ್‌ಹೇಲರ್ ತಗೊಂಡು ಊದಿದರೆ ಮಷೀನು ಕುಡಿದಿದ್ದೀವಿ ಅಂತ ತೋರಿಸುತ್ತಾ?

ಉಬ್ಬಸಕ್ಕೆ ಇನ್‌ಹೇಲರ್, ಕೆಮ್ಮಿಗೆ ಸಿರಪ್ ತಗೊಳ್ಳುತ್ತೀರಿ. ರಾತ್ರಿ ಗಾಡಿ ಓಡಿಸುವ ದಿನ ಇನ್‌ಹೇಲರ್ ಬಿಟ್ಟುಬಿಡಲಾ ಅಂತ ಕೇಳಿದ್ದೀರಿ. ಖಂಡಿತ ಬಿಡಬೇಡಿ. ಸ್ಟೇರಿಂಗ್ ಹಿಡಿದಾಗ ಉಸಿರು ಕಟ್ಟುವುದು ಕೇಸಿಗಿಂತ ದೊಡ್ಡ ಅಪಾಯ.

ನನ್ನದು 2022ರ ಡಿಸೆಂಬರ್. ನೆಂಟರ ರಿಸೆಪ್ಷನ್ ಮುಗಿಸಿ, ಅಮ್ಮನನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಬೆಂಗಳೂರಿನಲ್ಲಿ ಮನೆಗೆ ಹೊರಟಿದ್ದೆ. ನನಗೆ ಕುಡಿಯುವ ಅಭ್ಯಾಸ ಇಲ್ಲ. ಚಳಿಗೆ ಎದೆ ಗೊರಗೊರ ಅನ್ನುತ್ತಿತ್ತು. ಕಾರಿನಲ್ಲಿ ಯಾವಾಗಲೂ ಕನಕಾಸವದ ಬಾಟಲಿ ಇರುತ್ತಿತ್ತು, ಉಬ್ಬಸಕ್ಕೆ ಕೊಡುವ ಆಯುರ್ವೇದದ ಔಷಧಿ. ಸಿಗ್ನಲ್‌ನಲ್ಲಿ ನಿಂತಾಗ ಎರಡು ಮುಚ್ಚಳ ನೀರು ಬೆರೆಸದೆ ಹಾಗೇ ಬಾಯಿಗೆ ಹಾಕಿಕೊಂಡೆ. ಮುಂದಿನ ತಿರುವಿನಲ್ಲೇ ಪೊಲೀಸರ ಬ್ಯಾರಿಕೇಡ್.

"ಊದಿ ಸರ್. ನಿಲ್ಲಿಸ್ಬೇಡಿ, ಊದ್ತಾನೇ ಇರಿ."

ಮಷೀನು ಕೂಗಿತು. 96. ನಮ್ಮಲ್ಲಿ 100 ಮಿಲಿ ರಕ್ತಕ್ಕೆ 30 ಮಿಲಿಗ್ರಾಂ ದಾಟಿದರೆ ಕೇಸು.

"ಏನ್ ತಗೊಂಡಿದ್ದೀರಾ?"

"ಏನೂ ಇಲ್ಲ ಸರ್."

ನಾನು ಕೆಟ್ಟಿದ್ದು ಇಲ್ಲೇ. ಆಸವ, ಅರಿಷ್ಟಗಳು ಹುಳಿ ಬರಿಸಿ ಮಾಡುವ ಔಷಧಿಗಳು. ಅವುಗಳಲ್ಲಿ ಆಲ್ಕೋಹಾಲ್ ತಾನಾಗೇ ಹುಟ್ಟುತ್ತದೆ, ಲೇಬಲ್ ಮೇಲೂ ಬರೆದಿರುತ್ತದೆ. ಅದನ್ನು ಹೇಳಿದರೆ ತಪ್ಪು ಒಪ್ಪಿಕೊಂಡ ಹಾಗೆ ಆಗುತ್ತೆ ಅಂತ ಹೆದರಿ, ಬಾಟಲಿಯನ್ನು ಕಾಲಿನಿಂದ ಸೀಟಿನ ಕೆಳಗೆ ತಳ್ಳಿದೆ. ಏನೂ ತಗೊಂಡಿಲ್ಲ ಅಂದಮೇಲೆ "ಈಗಷ್ಟೇ ಔಷಧಿ ಕುಡಿದೆ, ಸ್ವಲ್ಪ ಹೊತ್ತು ಬಿಡಿ" ಅನ್ನೋಕೆ ಬಾಯಿ ಎಲ್ಲಿದೆ? ಬಾಯಿ ಮುಕ್ಕಳಿಸುತ್ತೇನೆ ಅಂತಲೂ ಕೇಳಲಿಲ್ಲ. ಆರು ನಿಮಿಷಕ್ಕೆ ಮತ್ತೆ ಊದಿಸಿದರು. 41. ಸಹಿ ಹಾಕಿದೆ. ಕಾರು ಅಲ್ಲೇ ಉಳಿಯಿತು. ಕೋರ್ಟಿನಲ್ಲಿ 10,000 ರೂಪಾಯಿ ಕಟ್ಟಿದೆ. ಆ ರಾತ್ರಿ ಆಟೋದಲ್ಲಿ ಅಮ್ಮ ಸೆರಗು ಹೊದ್ದುಕೊಂಡು ಕೂತಿದ್ದಳು. ಮನೆ ಹತ್ತಿರ ಬಂದಾಗ ಒಂದೇ ಮಾತು ಕೇಳಿದಳು: "ನಿಜ ಹೇಳೋ, ಕುಡಿದಿದ್ದೆಯಾ?"

ಆಮೇಲೆ ಮಷೀನಿನಿಂದ ಬಂದ ಆ ಎರಡು ಚೀಟಿಗಳನ್ನು ಎಷ್ಟು ಸಲ ನೋಡಿದ್ದೇನೋ. ಉತ್ತರ ಅವುಗಳಲ್ಲೇ ಇತ್ತು. ರಕ್ತದಲ್ಲಿರುವ ಆಲ್ಕೋಹಾಲ್ ಗಂಟೆಗೆ ಸುಮಾರು 15 ಮಿಲಿಗ್ರಾಂನಷ್ಟು ಮಾತ್ರ ಇಳಿಯುತ್ತದೆ. ಆರೇ ನಿಮಿಷದಲ್ಲಿ 55 ಇಳಿಯೋಕೆ ಸಾಧ್ಯವೇ ಇಲ್ಲ. ಮಷೀನು ಅಳೆದದ್ದು ನನ್ನ ಬಾಯಿಯಲ್ಲಿ ಉಳಿದಿದ್ದ ಔಷಧಿಯ ಹಬೆಯನ್ನು. ಅದು ಶ್ವಾಸಕೋಶದ ಆಳದಿಂದ ಬರುವ ಗಾಳಿ ಅಂತ ಲೆಕ್ಕ ಹಾಕಿ, 2100 ಪಟ್ಟು ಮಾಡಿ ರಕ್ತದ ಅಂಕಿ ತೋರಿಸುತ್ತದೆ. ಬಾಯಿಯಲ್ಲಿ ಒಂದಿಷ್ಟು ಉಳಿದಿದ್ದರೂ ಅಂಕಿ ಮೇಲೇರುತ್ತದೆ. ಕಾಲು ಗಂಟೆ ಬಿಟ್ಟರೆ ಆ ಹಬೆ ಹೋಗಿರುತ್ತದೆ. ನಾನು ಇನ್ನೊಂದು ಹತ್ತು ನಿಮಿಷ ಕೇಳಿದ್ದರೆ ಸಾಕಿತ್ತು. ರಕ್ತ ಪರೀಕ್ಷೆ ಮಾಡಿಸಿ ಅನ್ನಬಹುದಿತ್ತು, ಮೋಟಾರು ವಾಹನ ಕಾಯ್ದೆಯ 204ನೇ ಕಲಂ ಅದಕ್ಕೇ ಇರುವುದು. ಎರಡು ಮುಚ್ಚಳ ಆಸವಕ್ಕೆ ರಕ್ತದಲ್ಲಿ 30ರ ಹತ್ತಿರಕ್ಕೂ ಹೋಗಲ್ಲ.

ಇನ್ನು ನಿಮ್ಮ ಇನ್‌ಹೇಲರ್. ಅದರಲ್ಲಿರುವ ಔಷಧಿ, ಸಾಲ್ಬುಟಮಾಲ್ ಆಗಲಿ ಸ್ಟೀರಾಯ್ಡ್ ಆಗಲಿ, ಆಲ್ಕೋಹಾಲ್ ಅಲ್ಲ. ಕ್ಯಾಪ್ಸೂಲ್ ಹಾಕಿ ಎಳೆಯುವ ಪುಡಿ ಔಷಧಿಯಲ್ಲಿ ಜೊತೆಗೆ ಇರುವುದು ಲ್ಯಾಕ್ಟೋಸ್, ಅಂದರೆ ಹಾಲಿನ ಸಕ್ಕರೆ, ಅದರ ಚಿಂತೆ ಬಿಡಿ. ಕೆಲವು ಸ್ಪ್ರೇಗಳಲ್ಲಿ ಮಾತ್ರ ಸ್ವಲ್ಪ ಎಥನಾಲ್, ಅಂದರೆ ಅದೇ ಆಲ್ಕೋಹಾಲ್, ಬೆರೆಸಿರುತ್ತಾರೆ, ಒಳಗಿನ ಚೀಟಿ ನೋಡಿ. ಅದರ ಪರಿಣಾಮವೂ ಕೆಲವೇ ನಿಮಿಷ. ನಿಜವಾಗಿ ನೋಡಬೇಕಾದ್ದು ಸಿರಪ್ಪಿನ ಲೇಬಲ್. ಆಸವ, ಅರಿಷ್ಟ ಏನಿದ್ದರೂ ಮನೆಯಲ್ಲೇ ಇರಲಿ, ಕಾರಿನಲ್ಲಿ ಬೇಡ.

ದಮ್ಮು ಜಾಸ್ತಿಯಾಗಿ ಪೂರ್ತಿ ಊದೋಕೆ ಆಗದಿದ್ದರೆ ಸುಮ್ನೆ ಅರ್ಧಕ್ಕೆ ನಿಲ್ಲಿಸಬೇಡಿ, ಉಬ್ಬಸ ಇದೆ ಅಂತ ಬಾಯಿಬಿಟ್ಟು ಹೇಳಿ. ಸರಿಯಾದ ಕಾರಣ ತೋರಿಸದೆ ಪರೀಕ್ಷೆಗೆ ಒಪ್ಪದಿದ್ದರೆ ಅದನ್ನೇ ನಿಮ್ಮ ವಿರುದ್ಧ ಸಾಕ್ಷಿಗೆ ಸೇರಿಸಿಕೊಳ್ಳಬಹುದು. ಡಾಕ್ಟರ್ ಚೀಟಿ ಪರ್ಸ್‌ನಲ್ಲಿ ಇರಲಿ. ಕುಡಿದು ಬಂದು ಇನ್‌ಹೇಲರ್ ನೆಪ ಹೇಳೋಣ ಅಂತ ಇದನ್ನು ಯಾರಾದರೂ ಓದುತ್ತಿದ್ದರೆ, ಅದು ನಡೆಯಲ್ಲ. ಕಾಲು ಗಂಟೆಯಲ್ಲಿ ಬಾಯಿಯದ್ದು ಹೋಗುತ್ತದೆ, ರಕ್ತದ್ದು ಹೋಗಲ್ಲ.

ಕಳೆದ ವರ್ಷ ಮತ್ತೆ ತಡೆದರು. ಆಗಲೂ ಅಮ್ಮ ಹಿಂದಿದ್ದಳು. "ಈಗಷ್ಟೇ ಸ್ಪ್ರೇ ತಗೊಂಡೆ ಸರ್, ಕಾಲು ಗಂಟೆ ಬಿಟ್ಟು ಊದ್ತೀನಿ" ಅಂತ ಮೊದಲೇ ಹೇಳಿ ಚೀಟಿ ತೋರಿಸಿದೆ. ಪಕ್ಕಕ್ಕೆ ನಿಲ್ಲಿಸಿಕೊಳ್ಳಿ ಅಂದರು. ಹದಿನೈದು ನಿಮಿಷ ಕಳೆದು ಊದಿದೆ. ಅಮ್ಮ ಕಿಟಕಿಯಿಂದ ಕತ್ತು ಹೊರಗೆ ಹಾಕಿ ಮಷೀನಿನ ಸೊನ್ನೆಯನ್ನು ತಾನೇ ನೋಡಿದಳು.